ಡ್ರಮ್ ಬೇರಿಂಗ್ ಕಿಟ್: ಸದ್ದು ಬೇರಿಂಗಿನದು, ದೋಷ ಸೀಲಿನದು

ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಸ್ಪಿನ್ ಆಗುವಾಗ ಹಿಟ್ಟಿನ ಗಿರಣಿಯ ಹಾಗೆ ಮೊರೆಯತೊಡಗಿದರೆ ಬಹಳ ಜನ ತರಿಸುವುದು ಈ ಕಿಟ್ಟನ್ನೇ. ಒಂದು ಕವರಿನಲ್ಲಿ ದೊಡ್ಡ ಬೇರಿಂಗ್ ಒಂದು, ಚಿಕ್ಕ ಬೇರಿಂಗ್ ಒಂದು, ರಬ್ಬರ್ ಆಯಿಲ್ ಸೀಲ್ ಒಂದು, ಕೆಲವದರಲ್ಲಿ ಚಿಕ್ಕ ಗ್ರೀಸ್ ಪೊಟ್ಟಣ. ಕಂಪನಿ ಹೆಸರಿಲ್ಲದೆ, ಮಾಡೆಲ್ ನಂಬರುಗಳ ಉದ್ದ ಪಟ್ಟಿಯ ಜೊತೆ ಮಾರುವ ಇಂಥ ಕಿಟ್‌ಗಳ ಬಗ್ಗೆ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನಂಬರ್ ಸರಿಯಿದ್ದರೆ ಬೇರಿಂಗ್‌ಗಳು ಕೆಲಸಕ್ಕೆ ಬರುತ್ತವೆ, ಗ್ರೀಸ್ ಸಾಲುವುದಿಲ್ಲ, ಸೀಲನ್ನು ಮಾತ್ರ ಕೈಯಲ್ಲಿ ಹಿಡಿದು ನೋಡದೆ ಒಪ್ಪಬಾರದು. ರಿಪೇರಿ ವರ್ಷಗಟ್ಟಲೆ ಬಾಳುತ್ತದೋ ಕೆಲವೇ ತಿಂಗಳಲ್ಲಿ ಮತ್ತೆ ಕೂಗುತ್ತದೋ ಎಂಬುದು ನಿರ್ಧಾರವಾಗುವುದು ಆ ಸೀಲಿನಲ್ಲಿ.

ಕಾರಣ ಸರಳ. ಡ್ರಮ್ಮಿನ ಬೇರಿಂಗ್ ತಾನಾಗಿ ಸವೆದು ಹಾಳಾಗುವುದು ಅಪರೂಪ. ಡ್ರಮ್ಮಿಗೂ ಬೇರಿಂಗಿಗೂ ನಡುವೆ ಕೂತ ಸೀಲಿನ ತುಟಿ, ಅಂದರೆ ಅದರ ತೆಳು ರಬ್ಬರ್ ಅಂಚು, ಮೊದಲು ಸವೆಯುತ್ತದೆ. ಸೋಪಿನ ನೀರು ಶಾಫ್ಟಿನ (ಡ್ರಮ್ಮನ್ನು ಹೊತ್ತು ತಿರುಗುವ ದಂಡದ) ಗುಂಟ ಒಳಗಿಳಿದು ಬೇರಿಂಗಿನ ಗ್ರೀಸನ್ನು ತೊಳೆದು ಹಾಕುತ್ತದೆ, ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ, ಆಮೇಲೆ ಸದ್ದು ಶುರು. ಸದ್ದು ಕಿವಿಗೆ ಬೀಳುವ ಹೊತ್ತಿಗೆ ಸೀಲ್ ಹೋಗಿ ಬಹಳ ದಿನ ಆಗಿರುತ್ತದೆ. ಹಳೆ ಸೀಲನ್ನೇ ಉಳಿಸಿಕೊಂಡು ಬರೀ ಬೇರಿಂಗ್ ಬದಲಿಸುವ ಕೆಲಸಕ್ಕೆ ಅರ್ಥವಿಲ್ಲ.

ಕಿಟ್ ತರಿಸುವ ಮುಂಚೆ ಸದ್ದು ಬೇರಿಂಗಿನದೇ ಹೌದೋ ಅಂತ ಖಾತ್ರಿ ಮಾಡಿಕೊಳ್ಳಿ. ಇಡೀ ಮೆಷಿನ್ ಬಿಚ್ಚಿದ ಮೇಲೆ ತಪ್ಪು ಪಂಪಿನದು ಅಂತ ಗೊತ್ತಾದರೆ ಒಂದು ದಿನದ ದುಡಿಮೆ ದಂಡ. ಪ್ಲಗ್ ಕಿತ್ತು, ಡ್ರಮ್ ಖಾಲಿ ಇರುವಾಗ ಬಾಗಿಲು ತೆರೆದು ಕೈಯಲ್ಲೇ ನಿಧಾನವಾಗಿ ತಿರುಗಿಸಿ. ಒಳ್ಳೆ ಬೇರಿಂಗ್ ಇದ್ದರೆ ಬೆಲ್ಟಿನ ಅಥವಾ ಮೋಟರಿನ ಸಣ್ಣ ತಡೆ ಬಿಟ್ಟರೆ ಬೇರೇನೂ ಕೈಗೆ ಗೊತ್ತಾಗುವುದಿಲ್ಲ. ಕೆಟ್ಟ ಬೇರಿಂಗಿನಲ್ಲಿ ಮರಳು ಅರೆದಂಥ ತರಿತರಿ ಬೆರಳಿಗೆ ಸಿಗುತ್ತದೆ. ಆಮೇಲೆ ಡ್ರಮ್ಮಿನ ಬಾಯಿಯ ಮೇಲಂಚನ್ನು ಒಳಗಿನಿಂದ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಇಲ್ಲಿ ಗಮನಿಸಬೇಕಾದ ವ್ಯತ್ಯಾಸ ಒಂದಿದೆ. ಡ್ರಮ್ಮೂ ಹೊರಗಿನ ಟಬ್ಬೂ ಒಟ್ಟಿಗೆ ಮೇಲೇಳುವುದು ಸಹಜ, ಅದು ಸ್ಪ್ರಿಂಗ್‌ಗಳ ಕುಣಿತ. ಟಬ್ ಅಲ್ಲೇ ನಿಂತು ಡ್ರಮ್ ಮಾತ್ರ ಟಕ್ ಅಂತ ಅಲುಗಾಡಿದರೆ ಬೇರಿಂಗಿನಲ್ಲಿ ಸಡಿಲ ಬಂದಿದೆ. ಮೆಷಿನ್ನಿನ ಹಿಂಬದಿ ಮುಚ್ಚಳ ತೆಗೆದು ನೋಡಿದಾಗ ಟಬ್ಬಿನ ನಡುಭಾಗದಿಂದ ಕೆಳಕ್ಕೆ ಕಂದು ಬಣ್ಣದ ಕಲೆ ಇಳಿದಿದ್ದರೆ ಅನುಮಾನವೇ ಬೇಡ, ಅದು ತುಕ್ಕಿನ ನೀರು.

ಬೆಲ್ಟ್ ಇರುವ ಮೆಷಿನ್ ಆದರೆ ಬೆಲ್ಟ್ ಕಳಚಿಟ್ಟು ಡ್ರಮ್ಮನ್ನೂ ಮೋಟರನ್ನೂ ಬೇರೆಬೇರೆಯಾಗಿ ತಿರುಗಿಸಿ. ಯಾವುದರಲ್ಲಿ ಸದ್ದಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಬೇರೆ ಸದ್ದುಗಳು ಇದಕ್ಕಿಂತ ಅಗ್ಗದವು. ನೀರು ಹೊರಹೋಗುವಾಗ ಮಾತ್ರ ಗಡಗಡ ಅಂದರೆ ಡ್ರೈನ್ ಪಂಪಿನಲ್ಲಿ ನಾಣ್ಯವೋ ಗುಂಡಿಯೋ ಸಿಕ್ಕಿಕೊಂಡಿದೆ. ಕೆಳಗಿನ ಫಿಲ್ಟರ್ ತಿರುಗಿಸಿ ತೆಗೆದು, ಟಾರ್ಚ್ ಬಿಟ್ಟು ನೀರು ತಳ್ಳುವ ಚಕ್ರ (ಇಂಪೆಲ್ಲರ್) ನೋಡಿ. ಡ್ರಮ್ ಸುತ್ತಿದಾಗ ಲೋಹ ಉಜ್ಜಿದ ಹಾಗೆ ಕರ್ರ್ ಅಂದರೆ ಡ್ರಮ್ಮಿಗೂ ಟಬ್ಬಿಗೂ ನಡುವೆ ಒಳಉಡುಪಿನ ತಂತಿ, ಹೇರ್‌ಪಿನ್ ಇಳಿದಿರಬಹುದು. ನೀರೆಲ್ಲ ಖಾಲಿ ಮಾಡಿ ಹೀಟರ್ ಬಿಚ್ಚಿದರೆ ಆ ಕಿಂಡಿಯಿಂದಲೇ ಎಳೆದು ತೆಗೆಯಬಹುದು. ಸ್ಪಿನ್ ಶುರುವಾಗುವಾಗ ದಡಬಡ ಹೊಡೆದುಕೊಂಡು, ವೇಗ ಏರಿದ ಮೇಲೆ ಸುಮ್ಮನಾದರೆ ಶಾಕ್ ಅಬ್ಸಾರ್ಬರ್ ನೋಡಿ. ಬೇರಿಂಗ್ ಸದ್ದು ಇದಕ್ಕೆ ಉಲ್ಟಾ, ವೇಗ ಏರಿದಷ್ಟೂ ಏರುತ್ತದೆ. ಹೊಸ ಮೆಷಿನ್ ಮೊದಲ ದಿನವೇ ಜಾಗ ಬಿಟ್ಟು ನಡೆಯುತ್ತಿದ್ದರೆ ಸಾಗಣೆಗೆ ಹಾಕಿದ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಯಾರೂ ಬಿಚ್ಚಿಲ್ಲ ಅಂತ ಅರ್ಥ.

ಇನ್ನು ಕಿಟ್. ಮಾಡೆಲ್ ಪಟ್ಟಿ ನೋಡಿ ಕೊಳ್ಳುವುದಕ್ಕಿಂತ ನಂಬರ್ ನೋಡಿ ಕೊಳ್ಳುವುದು ಮೇಲು. ಒಂದೇ ಹೆಸರಿನ ಮಾಡೆಲ್ಲಿನಲ್ಲಿ ಬೇರೆಬೇರೆ ಕಾಲಕ್ಕೆ ಬೇರೆಬೇರೆ ಟಬ್ ಬಂದಿರುತ್ತದೆ. ಬೇರಿಂಗಿನ ನಂಬರ್ ಅದರ ಪಕ್ಕದ ಉಂಗುರದ ಮೇಲೇ ಕೆತ್ತಿರುತ್ತದೆ. ಮನೆಬಳಕೆಯ ಫ್ರಂಟ್ ಲೋಡ್‌ಗಳಲ್ಲಿ ಹೆಚ್ಚಾಗಿ ಸಿಗುವವು 6203, 6204, 6205, 6206, 6305, 6306. ಇವುಗಳಲ್ಲಿ 6204ರ ಅಳತೆ 20×47×14 ಮಿ.ಮೀ., 6205 ಅಂದರೆ 25×52×15, 6206 ಅಂದರೆ 30×62×16, 6305 ಅಂದರೆ 25×62×17. ಮೊದಲ ಅಂಕಿ ಒಳರಂಧ್ರ, ಎರಡನೆಯದು ಹೊರವ್ಯಾಸ, ಮೂರನೆಯದು ದಪ್ಪ. ನಂಬರಿನ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳರಂಧ್ರ ಸಿಗುತ್ತದೆ. 03ಕ್ಕೆ ಮಾತ್ರ ಈ ಲೆಕ್ಕ ನಡೆಯದು, ಅದು 17 ಮಿ.ಮೀ. 6205ಕ್ಕೂ 6305ಕ್ಕೂ ಒಳರಂಧ್ರ ಒಂದೇ ಆದ್ದರಿಂದ ಶಾಫ್ಟಿಗೆ ಎರಡೂ ಕೂರುತ್ತವೆ, ಟಬ್ಬಿನಲ್ಲಿ ಬೇರಿಂಗ್ ಕೂರುವ ಗೂಡಿಗೆ ಹೊಂದುವುದು ಒಂದೇ. ಅವಸರದಲ್ಲಿ ತರಿಸುವವರು ಎಡವುವುದು ಇಲ್ಲೇ.

ನಂಬರಿನ ಮುಂದಿನ ಅಕ್ಷರಗಳೂ ಮುಖ್ಯ. ಝಡ್‌ಝಡ್ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ, ಒಳ ಉಂಗುರಕ್ಕೆ ತಾಗದೆ ಸಣ್ಣ ಸಂದು ಬಿಟ್ಟು ನಿಂತಿರುತ್ತದೆ. 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಮುಚ್ಚಳ, ಒಳ ಉಂಗುರಕ್ಕೆ ತಾಗಿಕೊಂಡೇ ಇರುತ್ತದೆ. ವಾಷಿಂಗ್ ಮೆಷಿನ್ನಿಗೆ ನಾವು ಆರಿಸುವುದು 2ಆರ್‌ಎಸ್. ರಬ್ಬರ್ ಉಜ್ಜುವುದರಿಂದ ವೇಗದ ಮಿತಿ ಕಡಿಮೆ ಆಗುತ್ತದೆ ಅನ್ನುವುದು ನಿಜ, ಆದರೂ ಆ ಮಿತಿ ನಿಮಿಷಕ್ಕೆ ಹಲವು ಸಾವಿರ ಸುತ್ತು. ಮನೆಯ ಮೆಷಿನ್ ಸ್ಪಿನ್ ಆಗುವುದು 1,000ದಿಂದ 1,400ರ ಆಸುಪಾಸು. ಸೀಲಿನಿಂದ ತಪ್ಪಿಸಿಕೊಂಡ ನಾಲ್ಕು ಹನಿಯನ್ನು ಈ ರಬ್ಬರ್ ತಡೆದರೆ ಅದೇ ಲಾಭ. ಸಿ3 ಅಂತ ಇದ್ದರೆ ಗುಂಡುಗಳಿಗೂ ಉಂಗುರಕ್ಕೂ ನಡುವೆ ಮಾಮೂಲಿಗಿಂತ ಸ್ವಲ್ಪ ಹೆಚ್ಚು ಸಂದು ಬಿಟ್ಟಿದ್ದಾರೆ ಅಂತ ಅರ್ಥ. ಹಳೆಯದರ ಮೇಲೆ ಸಿ3 ಇದ್ದರೆ ಹೊಸದರಲ್ಲೂ ಇರಲಿ, ಇಲ್ಲದಿದ್ದರೆ ಬೇಡ.

ಒಳ್ಳೆ ಕಂಪನಿಯ ಬೇರಿಂಗಿನಲ್ಲೂ ನಕಲಿ ಬರುತ್ತದೆ. ಕೆತ್ತಿದ ಅಕ್ಷರ ಒರಟಾಗಿದ್ದು ಉಗುರಿಗೆ ಸಿಗುವಂತಿದ್ದರೆ, ಪೊಟ್ಟಣದ ಮೇಲಿನ ನಂಬರಿಗೂ ಬೇರಿಂಗಿನ ನಂಬರಿಗೂ ತಾಳೆ ಇಲ್ಲದಿದ್ದರೆ ವಾಪಸ್ ಮಾಡಿ. ಎಸ್‌ಕೆಎಫ್ ಹೆಸರಿನದು ಕೊಂಡಿದ್ದರೆ ಅವರದೇ ಅಥೆಂಟಿಕೇಟ್ ಆ್ಯಪ್ ಇದೆ, ಅದರಲ್ಲಿ ಪರೀಕ್ಷೆಗೆ ಕೇಳಬಹುದು. ಕಿಟ್‌ನ ಹೆಸರಿಲ್ಲದ ಬೇರಿಂಗ್ ಆದರೆ ಬೆರಳಿಗೆ ಸಿಕ್ಕಿಸಿ ಹೊರ ಉಂಗುರವನ್ನು ನಿಧಾನ ತಿರುಗಿಸಿ. ಗ್ರೀಸಿನ ಒಂದೇ ಸಮನಾದ ಮೆತ್ತನೆ ತಡೆ ಇರಬೇಕು. ಎಲ್ಲಾದರೂ ಕಚ್ಚಿ ಬಿಟ್ಟ ಹಾಗೆ ಅನ್ನಿಸಿದರೆ ಅದು ಬೇಡ. ಕೈಬಿಟ್ಟರೂ ಬಹಳ ಹೊತ್ತು ಗಿರಗಿರ ತಿರುಗುತ್ತಿದ್ದರೆ ಖುಷಿಪಡಬೇಡಿ, ಒಳಗೆ ಗ್ರೀಸ್ ಇಲ್ಲದಿರಬಹುದು.

ಸೀಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದರ ಅಳತೆಯನ್ನು ಒಳವ್ಯಾಸ, ಹೊರವ್ಯಾಸ, ದಪ್ಪ ಅಂತಲೇ ಬರೆದಿರುತ್ತಾರೆ. ದಪ್ಪದ ಜಾಗದಲ್ಲಿ 10/12 ಅಂತ ಎರಡು ಅಂಕಿ ಇದ್ದರೆ ಮೊದಲನೆಯದು ಮೈಯ ದಪ್ಪ, ಎರಡನೆಯದು ಮೇಲೆದ್ದ ತುಟಿಯೂ ಸೇರಿದ ದಪ್ಪ. ಆ ಮೇಲೆದ್ದ ತುಟಿ ಡ್ರಮ್ಮಿನ ಕಡೆಯ ಮುಖಕ್ಕೆ ಒತ್ತಿಕೊಂಡು ನೀರನ್ನು ಮೊದಲ ಬಾಗಿಲಲ್ಲೇ ತಡೆಯುತ್ತದೆ. ಕಿಟ್‌ಗಳಲ್ಲಿ ಬರುವ ಕಳಪೆ ಸೀಲುಗಳಲ್ಲಿ ಈ ತುಟಿ ಮೊಂಡಾಗಿರುತ್ತದೆ ಅಥವಾ ಇರುವುದೇ ಇಲ್ಲ. ಕಾರು, ಪಂಪಿಗೆ ಹಾಕುವ ಸಾಮಾನ್ಯ ಆಯಿಲ್ ಸೀಲನ್ನೇ ಅಳತೆ ಹೊಂದುತ್ತದೆ ಅಂತ ಸೇರಿಸಿರುತ್ತಾರೆ. ಅದು ಎಣ್ಣೆ ಹಿಡಿಯಲು ಮಾಡಿದ್ದು. ಬಿಸಿನೀರು, ಸೋಪು, ಬಟ್ಟೆಯ ನೂಲು, ಮಣ್ಣು ಎಲ್ಲ ಸೇರಿ ಬಂದಾಗ ಒಂದೇ ತುಟಿ ಬಹಳ ದಿನ ತಾಳುವುದಿಲ್ಲ.

ಸೀಲ್ ಕೈಗೆ ಬಂದಾಗ ಹೀಗೆ ನೋಡಿ. ಒಳತುಟಿಯ ಸುತ್ತ ಸಣ್ಣ ಸ್ಪ್ರಿಂಗ್ ಇರುತ್ತದೆ. ಅಯಸ್ಕಾಂತ ಹಿಡಿದರೆ ಗಟ್ಟಿಯಾಗಿ ಅಂಟುವ ಮಾಮೂಲಿ ಉಕ್ಕಿನ ಸ್ಪ್ರಿಂಗ್ ಆದರೆ ತುಕ್ಕು ಹಿಡಿದು ತುಂಡಾಗುವ ಅಪಾಯ ಇದೆ, ಸ್ಟೇನ್‌ಲೆಸ್ ಆದರೆ ಒಳ್ಳೆಯದು. ತುಟಿಯ ಅಂಚನ್ನು ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿ. ಅಚ್ಚಿನಿಂದ ಉಳಿದ ಎಳೆ, ಹಲ್ಲು, ಸೀಳು ಕಂಡರೆ ಅಲ್ಲಿಂದಲೇ ನೀರು ಬರುತ್ತದೆ. ರಬ್ಬರನ್ನು ಹಿಂಡಿ ಬಿಟ್ಟರೆ ಕೂಡಲೇ ಮೊದಲಿನ ಆಕಾರಕ್ಕೆ ಬರಬೇಕು. ಇದರಲ್ಲಿ ಯಾವುದಾದರೂ ಒಂದು ತಪ್ಪಿದರೂ ಕಿಟ್‌ನ ಬೇರಿಂಗ್ ಇಟ್ಟುಕೊಂಡು ಮೆಷಿನ್ ತಯಾರಕರ ಸೀಲನ್ನು ಬೇರೆಯಾಗಿ ತರಿಸಿ. ಎರಡರಲ್ಲಿ ಒಂದಕ್ಕೆ ಮಾತ್ರ ಹೆಚ್ಚು ಹಣ ಹಾಕುವುದಾದರೆ ಸೀಲಿಗೆ ಹಾಕಿ ಎಂಬುದು ನಮ್ಮ ಸಲಹೆ.

ಕಿಟ್‌ನಲ್ಲಿ ಬರದೇ ಇರುವ, ಆದರೆ ಸೀಲಿನಷ್ಟೇ ಮುಖ್ಯವಾದ ಭಾಗ ಇನ್ನೊಂದಿದೆ. ಡ್ರಮ್ಮಿನ ಹಿಂದೆ ಮೂರು ಕೈಯ ಅಲ್ಯೂಮಿನಿಯಂ ಸ್ಪೈಡರ್ ಇರುತ್ತದೆ, ಅದರ ನಡುವೆ ಶಾಫ್ಟ್. ಶಾಫ್ಟಿನ ಬುಡದಲ್ಲಿ, ಸೀಲಿನ ತುಟಿ ಉಜ್ಜುವ ಜಾಗದಲ್ಲಿ, ಹಲವು ಮೆಷಿನ್‌ಗಳಲ್ಲಿ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ಸಿನ ಬುಷ್, ಅಂದರೆ ಶಾಫ್ಟಿಗೆ ತೊಡಿಸಿದ ಬಳೆ, ಇರುತ್ತದೆ. ಇದರ ಮೇಲೆ ಉಗುರು ಎಳೆಯಿರಿ. ಉಗುರು ಜಾರಿಕೊಂಡು ಹೋದರೆ 600 ನಂಬರಿನ ನೀರಿನ ಎಮರಿ ಪೇಪರಿನಲ್ಲಿ ಸುತ್ತಲೂ ಒರೆಸಿ ಕೊಳೆ ತೆಗೆದರೆ ಸಾಕು. ಶಾಫ್ಟಿನ ಉದ್ದಕ್ಕೆ ಉಜ್ಜಬೇಡಿ, ಆ ಗೀರುಗಳೇ ನೀರಿಗೆ ದಾರಿಯಾಗುತ್ತವೆ. ಉಗುರು ಗುಂಡಿಯಲ್ಲಿ ಸಿಕ್ಕಿಕೊಂಡರೆ ಎಂಥ ಸೀಲ್ ಹಾಕಿದರೂ ನಿಲ್ಲುವುದಿಲ್ಲ, ಬುಷ್ ಅಥವಾ ಇಡೀ ಸ್ಪೈಡರ್ ಬದಲಿಸಬೇಕು. ಅದೇ ಹೊತ್ತಿಗೆ ಸ್ಪೈಡರಿನ ಕೈಗಳ ಮೇಲಿನ ಬಿಳಿ ಹುಡಿಯಂಥ ಕೊಳೆಯನ್ನು ಕೆರೆದು ನೋಡಿ. ಸೋಪಿಗೆ ತಿಂದುಹೋದ ಅಲ್ಯೂಮಿನಿಯಂ ಒಳಗೆ ಪೊಳ್ಳಾಗಿರುತ್ತದೆ. ಬಿರುಕು ಕಂಡರೆ ಬೇರಿಂಗ್ ಹಾಕುವ ಮಾತೇ ಬೇಡ. 48 ಸೆಂ.ಮೀ. ವ್ಯಾಸದ ಡ್ರಮ್ ನಿಮಿಷಕ್ಕೆ 1,200 ಸುತ್ತು ತಿರುಗುವಾಗ ಅಂಚಿನಲ್ಲಿ ಒಂದೇ ಕಡೆ ಕೂತ 200 ಗ್ರಾಂ ಒದ್ದೆ ಬಟ್ಟೆ ಲೆಕ್ಕದ ಪ್ರಕಾರ ಸುಮಾರು 75 ಕಿಲೋ ತೂಕದಷ್ಟು ಬಲದಲ್ಲಿ ಹೊರಕ್ಕೆ ಎಳೆಯುತ್ತದೆ. ಬಿರುಕುಬಿಟ್ಟ ಸ್ಪೈಡರ್ ಅದನ್ನು ತಡೆಯಲಾರದು.

ಕಿಟ್‌ನ ಗ್ರೀಸ್ ಪೊಟ್ಟಣದ ಮೇಲೆ ಅದು ಯಾವ ಗ್ರೀಸ್ ಅಂತ ಬರೆದಿಲ್ಲದಿದ್ದರೆ ಪಕ್ಕಕ್ಕಿಡಿ. ಬೇಕಾದದ್ದು ನೀರಿಗೆ ಕರಗದ, ಸೀಲಿನ ರಬ್ಬರನ್ನು ಉಬ್ಬಿಸದ ಗ್ರೀಸ್. ವಾಷಿಂಗ್ ಮೆಷಿನ್ ಸೀಲಿಗೆಂದೇ ಮಾರುವ ಗ್ರೀಸ್ ಸಿಗುತ್ತದೆ. ಅದನ್ನು ತುಟಿಗಳ ನಡುವಿನ ಕಾಲುವೆಗೆ ತುಂಬಿ, ಬುಷ್ಷಿಗೆ ತೆಳುವಾಗಿ ಸವರಿ. 2ಆರ್‌ಎಸ್ ಬೇರಿಂಗಿನ ಮುಚ್ಚಳ ಬಿಚ್ಚಿ ಇನ್ನಷ್ಟು ಗ್ರೀಸ್ ತುರುಕುವ ಅಭ್ಯಾಸ ಬೇಡ, ಅದರೊಳಗೆ ಎಷ್ಟು ಬೇಕೋ ಅಷ್ಟು ಹಾಕಿಯೇ ಕಳಿಸಿರುತ್ತಾರೆ. ಕೂಗುವ ಬೇರಿಂಗಿಗೆ ಹಿಂದಿನಿಂದ ಡಬ್ಲ್ಯುಡಿ-40 ಹೊಡೆಯುವವರೂ ಇದ್ದಾರೆ. ನಾಲ್ಕು ದಿನ ಸದ್ದು ತಗ್ಗಬಹುದು, ಉಳಿದ ಗ್ರೀಸೂ ತೊಳೆದು ಹೋಗುತ್ತದೆ.

ಹಾಕುವ ಕೆಲಸಕ್ಕೆ ಕಿಟ್ ಜೊತೆ ಬರುವ ಚೀಟಿಯನ್ನು ನೆಚ್ಚಿಕೊಳ್ಳಬೇಡಿ. ಪ್ಲಗ್ ಕಿತ್ತು, ನಲ್ಲಿ ನಿಲ್ಲಿಸಿ, ಫಿಲ್ಟರಿನಿಂದ ನೀರು ಖಾಲಿ ಮಾಡಿ. ಇನ್ವರ್ಟರ್ ಮೆಷಿನ್ ಆದರೆ ಪ್ಲಗ್ ಕಿತ್ತ ಮೇಲೂ ಬೋರ್ಡಿನ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ, ಅದರ ತಂಟೆಗೆ ಹೋಗಬೇಡಿ. ಮೇಲಿನ ಮುಚ್ಚಳ, ಸೋಪಿನ ಡ್ರಾಯರ್, ಕಂಟ್ರೋಲ್ ಪ್ಯಾನೆಲ್, ಬಾಗಿಲ ರಬ್ಬರಿನ ಸುತ್ತಲಿನ ತಂತಿ ಕ್ಲ್ಯಾಂಪ್, ಮುಂದಿನ ತಗಡು, ಈ ಕ್ರಮದಲ್ಲಿ ಬಹುತೇಕ ಮೆಷಿನ್‌ಗಳು ಬಿಚ್ಚಿಕೊಳ್ಳುತ್ತವೆ. ಪ್ರತಿ ವೈರ್ ಕೀಳುವ ಮುಂಚೆ ಫೋಟೊ ತೆಗೆಯಿರಿ, ಹೀಟರಿನ ಹತ್ತಿರದ ಅರ್ತ್ ವೈರಿನದಂತೂ ಮರೆಯಬೇಡಿ. ಕಾಂಕ್ರೀಟ್ ಭಾರಗಳನ್ನು ಟಬ್ ಎತ್ತುವ ಮೊದಲೇ ಬಿಚ್ಚಿ ಇಳಿಸಿ. ಅವು ಇದ್ದಾಗ ಟಬ್ ಒಬ್ಬರಿಂದ ಏಳುವುದಿಲ್ಲ, ಬಿಚ್ಚಿದ ಮೇಲೂ ಇಬ್ಬರು ಹಿಡಿಯುವುದೇ ಕ್ಷೇಮ. ಬೆಲ್ಟ್ ಇಲ್ಲದ ಡೈರೆಕ್ಟ್ ಡ್ರೈವ್ ಮೆಷಿನ್ನಿನ ರೋಟರ್ (ಮೋಟರಿನ ತಿರುಗುವ ಭಾಗ) ಕಳಚುವಾಗ ಬೆರಳು ಜೋಪಾನ, ಅದರ ಅಯಸ್ಕಾಂತ ಚಟ್ಟನೆ ಎಳೆದುಕೊಳ್ಳುತ್ತದೆ.

ಶಾಫ್ಟನ್ನು ಬೇರಿಂಗಿನಿಂದ ಹೊರಗೆ ಹೊಡೆಯುವಾಗ ಪುಲ್ಲಿ ಅಥವಾ ರೋಟರಿನ ಬೋಲ್ಟನ್ನು ಮತ್ತೆ ಅರ್ಧ ತಿರುಗಿಸಿ ಕೂರಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಹೊಡೆಯಿರಿ. ನೇರ ಶಾಫ್ಟಿನ ಮೇಲೆ ಸುತ್ತಿಗೆ ಬಿದ್ದರೆ ಬೋಲ್ಟ್ ಕೂರುವ ಮರೆ (ಥ್ರೆಡ್) ಹಾಳಾಗುತ್ತದೆ, ಆಮೇಲೆ ಹೊಸ ಸ್ಪೈಡರೇ ಗತಿ. ಸೀಲನ್ನು ಮೀಟಿ ತೆಗೆದ ಮೇಲೆ ಚಿಕ್ಕ ಬೇರಿಂಗನ್ನು ಒಳಗಿನಿಂದ ಹಿಂದಕ್ಕೆ, ದೊಡ್ಡದನ್ನು ಹಿಂದಿನಿಂದ ಡ್ರಮ್ಮಿನ ಕಡೆಗೆ ಹೊಡೆದು ತೆಗೆಯುವುದು. ಪಂಚನ್ನು ಒಂದೇ ಜಾಗಕ್ಕೆ ಇಟ್ಟು ಹೊಡೆದರೆ ಬೇರಿಂಗ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಎದುರುಬದುರು ಜಾಗ ಬದಲಿಸುತ್ತಾ ಬನ್ನಿ. ತೀರಾ ತುಕ್ಕು ತಿಂದದ್ದಾದರೆ ಗುಂಡುಗಳೆಲ್ಲ ಉದುರಿ ಹೊರ ಉಂಗುರ ಮಾತ್ರ ಗೂಡಿನಲ್ಲಿ ಉಳಿದುಬಿಡುತ್ತದೆ. ಅದಕ್ಕೆ ಒಳಗಿನಿಂದ ಕಚ್ಚಿ ಎಳೆಯುವ ಪುಲ್ಲರ್ ಬೇಕು. ಇಲ್ಲದಿದ್ದರೆ ಟಬ್ಬಿನ ಹಿಂಭಾಗವನ್ನು ವರ್ಕ್‌ಶಾಪಿಗೆ ಒಯ್ಯುವುದೇ ಸರಿ, ಗೂಡಿಗೆ ಗಾಯ ಮಾಡಿದರೆ ಹೊಸ ಬೇರಿಂಗ್ ನಿಲ್ಲುವುದಿಲ್ಲ.

ಹೊಸ ಬೇರಿಂಗ್ ಕೂರಿಸುವ ವಿಧಾನದಲ್ಲೇ ಅದರ ಆಯಸ್ಸು ಅಡಗಿದೆ. ಗೂಡು ಒರೆಸಿ, ಬೇರಿಂಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಂದು ಗಂಟೆ ಫ್ರೀಜರಿನಲ್ಲಿಡಿ, ಕೂದಲೆಳೆಯಷ್ಟು ಕುಗ್ಗಿ ಸುಲಭವಾಗಿ ಇಳಿಯುತ್ತದೆ. ಟಬ್ ಪ್ಲಾಸ್ಟಿಕ್ಕಿನದು, ಬೆಂಕಿ ತೋರಿಸಿ ಕಾಯಿಸುವ ಯೋಚನೆ ಬೇಡ. ಬಲ ಬೀಳಬೇಕಾದ್ದು ಹೊರ ಉಂಗುರದ ಮೇಲೆ ಮಾತ್ರ. ಒಳ ಉಂಗುರಕ್ಕೆ ಹೊಡೆದರೆ ಆ ಪೆಟ್ಟು ಗುಂಡುಗಳ ಮೂಲಕ ಹೋಗಿ ಉಂಗುರದ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳಾಗುತ್ತವೆ, ಹೊಸ ಬೇರಿಂಗ್ ಮೊದಲ ಸ್ಪಿನ್ನಿಗೇ ಗುಂಯ್‌ಗುಡುತ್ತದೆ. ಕಿಟ್ ಕೆಟ್ಟದ್ದು ಅಂತ ಬರುವ ದೂರುಗಳಲ್ಲಿ ಈ ತಪ್ಪಿನದೂ ಪಾಲಿದೆ. ಸುತ್ತಿಗೆಗಿಂತ ಉತ್ತಮ ಉಪಾಯ, ಉದ್ದಕ್ಕೂ ಮರೆ ಇರುವ ಎಂ12 (12 ಮಿ.ಮೀ.) ರಾಡ್, ಎರಡು ನಟ್, ದಪ್ಪ ವಾಷರ್‌ಗಳು. ಹಳೆ ಬೇರಿಂಗಿನ ಹೊರ ಉಂಗುರವನ್ನು ಗ್ರೈಂಡರಿನಲ್ಲಿ ಒಂದು ಕಡೆ ಸೀಳಿ, ಹೊಸದರ ಮೇಲಿಟ್ಟು ನಟ್ ಬಿಗಿಯುತ್ತಾ ಹೋದರೆ ನೇರವಾಗಿ ಇಳಿಯುತ್ತದೆ. ಸೀಳಿದ್ದರಿಂದ ಆ ಉಂಗುರ ಗೂಡಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ತಳ ಮುಟ್ಟಿದಾಗ ಪಾನಾ ಒಮ್ಮೆಲೇ ಬಿಗಿಯುತ್ತದೆ, ಅಲ್ಲಿಗೆ ನಿಲ್ಲಿಸಿ. ಬೇರಿಂಗ್ ಯಾವ ಒತ್ತಡವೂ ಇಲ್ಲದೆ ಕೈಯಿಂದಲೇ ಗೂಡಿಗೆ ಜಾರಿಬಿಟ್ಟರೆ ಗೂಡು ಸವೆದಿದೆ ಅಂತ ಅರ್ಥ, ಟಬ್ಬಿನ ಹಿಂಭಾಗ ಬದಲಿಸದೆ ಬೇರೆ ದಾರಿಯಿಲ್ಲ.

ಸೀಲನ್ನು ಮೇಲೆದ್ದ ತುಟಿ ಡ್ರಮ್ಮಿನ ಕಡೆಗೆ ಇರುವಂತೆ, ಅಗಲವಾದ ಚಪ್ಪಟೆ ತುಂಡೊಂದನ್ನು ಮೇಲಿಟ್ಟು ಸಮನಾಗಿ ಒತ್ತಿ ಕೂರಿಸಿ. ಹಳೆಯದು ಹೇಗಿತ್ತು ಅಂತ ತೆಗೆಯುವಾಗಲೇ ಫೋಟೊ ಇರಲಿ. ಶಾಫ್ಟನ್ನು ಒಳಗೆ ಹೊಡೆಯಬೇಡಿ, ಪುಲ್ಲಿ ಅಥವಾ ರೋಟರಿನ ಬೋಲ್ಟ್ ಬಿಗಿಯುತ್ತಾ ಎಳೆದುಕೊಳ್ಳಿ. ಬೆಲ್ಟ್ ಮೆಷಿನ್ನಿನ ಪುಲ್ಲಿ ಬೋಲ್ಟಿಗೆ ಮಧ್ಯಮ ಬಲದ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಎರಡು ಹನಿ ಹಾಕಿ. ಟಬ್ಬಿನ ಎರಡು ಹೋಳು ಕೂಡುವ ಜಾಗದ ರಬ್ಬರ್ ಎಳೆ ಚಪ್ಪಟೆಯಾಗಿದ್ದರೆ ಹೊಸದು ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಿರಿ.

ಈ ಕಿಟ್ ಕೆಲವು ಮೆಷಿನ್‌ಗಳಿಗೆ ಉಪಯೋಗಕ್ಕೇ ಬರುವುದಿಲ್ಲ, ಮಾರುವವರು ಇದನ್ನು ಹೇಳುವುದೂ ಇಲ್ಲ. ಟಬ್ಬಿನ ಎರಡು ಹೋಳುಗಳನ್ನು ಸ್ಕ್ರೂ ಬದಲು ಕರಗಿಸಿ ಬೆಸೆದ ಮೆಷಿನ್‌ಗಳಿವೆ. ಬೆಸುಗೆ ಗುಂಟ ಗರಗಸದಲ್ಲಿ ಕೊಯ್ದು, ಸಿಲಿಕೋನ್ ಹಚ್ಚಿ ಬೋಲ್ಟ್ ಹಾಕಿ ಕೂಡಿಸುವವರಿದ್ದಾರೆ, ಕೈ ಪಳಗದವರಿಗೆ ಅದು ತಕ್ಕ ಕೆಲಸವಲ್ಲ. ಆದ್ದರಿಂದ ಕಿಟ್ಟಿಗೆ ಹಣ ಕೊಡುವ ಮೊದಲು ಮೇಲಿನ ಮುಚ್ಚಳ ತೆಗೆದು ಟಬ್ಬಿನ ನಡುಪಟ್ಟಿ ನೋಡಿ. ಸುತ್ತ ಸ್ಕ್ರೂ ಅಥವಾ ಕ್ಲಿಪ್ ಸಾಲು ಕಂಡರೆ ಮುಂದುವರಿಯಿರಿ, ನುಣ್ಣನೆ ಬೆಸುಗೆ ಕಂಡರೆ ಇಡೀ ಟಬ್ ಎಷ್ಟಕ್ಕೆ ಸಿಗುತ್ತದೆ ಅಂತ ವಿಚಾರಿಸಿ. ಟಾಪ್ ಲೋಡ್‌ನವರಿಗೂ ಇದು ಹೊಂದುವುದಿಲ್ಲ. ಅಲ್ಲಿ ದಡಬಡ ಸದ್ದಿಗೆ ಹೆಚ್ಚಾಗಿ ನಾಲ್ಕು ಮೂಲೆಯ ಸಸ್ಪೆನ್ಷನ್ ರಾಡ್‌ಗಳು ಕಾರಣ, ಸ್ಪಿನ್ ಮೊರೆತಕ್ಕೆ ಕ್ಲಚ್ ಜೋಡಣೆ.

ಕೂಡಿಸಿ ಮುಗಿದ ಮೇಲೆ ಹಿಂಬದಿ ಮುಚ್ಚಳ ಹಾಕುವ ಮೊದಲು ಪ್ಲಗ್ ಕಿತ್ತೇ ಇರಲಿ, ಡ್ರಮ್ಮನ್ನು ಕೈಯಲ್ಲಿ ಹತ್ತಾರು ಸುತ್ತು ತಿರುಗಿಸಿ. ಹೊಸ ಸೀಲ್ ಸ್ವಲ್ಪ ಬಿಗಿ ಅನ್ನಿಸುವುದು ಸರಿ, ತರಿತರಿ ಇರಬಾರದು. ಆಮೇಲೆ ಮುಚ್ಚಳ ಹಾಕಿ, ಬಟ್ಟೆ ಇಲ್ಲದೆ ಒಂದು ಜಾಲಾಟ ಮತ್ತು ಸ್ಪಿನ್ ಓಡಿಸಿ. ಮುಗಿದ ಮೇಲೆ ಮತ್ತೆ ಪ್ಲಗ್ ಕಿತ್ತು, ಹಿಂಭಾಗ ತೆರೆದು ಶಾಫ್ಟಿನ ಸುತ್ತ ಬಿಳಿ ಟಿಶ್ಯೂ ಒತ್ತಿ ನೋಡಿ. ಒಣಗಿದ್ದರೆ ಬಟ್ಟೆ ಹಾಕಬಹುದು. ಒದ್ದೆಯಾಗಿದ್ದರೆ ಸೀಲ್ ಓರೆ ಕೂತಿದೆ ಅಥವಾ ತುಟಿ ಮಡಚಿಕೊಂಡಿದೆ, ಬೇರಿಂಗಿಗೆ ನೀರು ಇಳಿಯುವ ಮುಂಚೆ ಅವತ್ತೇ ಬಿಚ್ಚಿ ಸರಿಮಾಡಿ.